ಡಬ್ಬಿ ತೊಳೆಯಬೇಡಿ

ಸಕ್ಕರೆ ಇನ್ನೂರ ಎಂಬತ್ತು ಬಂದ ದಿನ
ಡಾಕ್ಟರು ಬೈಯಲಿಲ್ಲ, ನಕ್ಕರು;
ಅದಕ್ಕೇ ಹೆದರಿಕೆಯಾಯಿತು.
ಸೋಮವಾರದಿಂದಲೇ, ತಿಂಗಳಿಗೆ ಇಷ್ಟೆಂದು ಮುಂಗಡ ಕಟ್ಟಿ
ವಿನೋಬನಗರದ ಜಸಿಂತಾಳ ಅಡುಗೆಮನೆಗೆ
ನನ್ನ ಹೊಟ್ಟೆಯ ವಕಾಲತ್ತು ಬರೆದುಕೊಟ್ಟೆ.

ಹನ್ನೆರಡೂವರೆಗೆ ಸರಿಯಾಗಿ
ಶಿವಮೊಗ್ಗದ ಕೋರ್ಟು ಗೇಟಿಗೆ ಇಮ್ದಾದನ ಸ್ಕೂಟರು.
ನೀಲಿ ಮುಚ್ಚಳ, ಮುಚ್ಚಳದ ಮೇಲೆ ಚೀಟಿ:
ಸಾಮೆ ಅನ್ನ, ಒಂದೆಲಗದ ತಂಬುಳಿ, ಹೆಸರುಕಾಳಿನ ಉಸಲಿ,
ಕ್ಯಾಲೊರಿ ನಾನೂರ ಹತ್ತು.
ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಸಾಲು:
‘ಡಬ್ಬಿ ತೊಳೆಯಬೇಡಿ. ಹಾಗೇ ಕಳಿಸಿ.’

ಇದೊಳ್ಳೆ ಉಪಕಾರ ಅಂದುಕೊಂಡೆ.
ಉಂಡ ಕೈ ತೊಳೆಯಲಿಕ್ಕೂ ಪುರುಸೊತ್ತಿಲ್ಲದ ಹೆಂಗಸು ನಾನು.
ಬೆಳಿಗ್ಗೆ ಎರಡು ಜಾಮೀನು, ಮಧ್ಯಾಹ್ನ ಒಂದು ಪಾಟೀಸವಾಲು,
ನಡುವೆ ಬೇಲಿ ಜಗಳದ ಅಣ್ಣತಮ್ಮಂದಿರು ಬಂದು
ನಾನು ಬಾಯಿಗೆತ್ತಿದ ತುತ್ತನ್ನೇ ನೋಡುತ್ತ ನಿಲ್ಲುವರು,
ಅದೂ ಜಂಟಿ ಖಾತೆಯದೇ ಎಂಬಂತೆ.

ಯಾಕೆ ತೊಳೆಯಬಾರದೆಂದು ತಿಳಿಯಲು ವಾರ ಹಿಡಿಯಿತು.
ಹಾಗಲಕಾಯಿ ಮೂಲೆಗೆ ಸರಿಸಿ ಕಳಿಸಿದ್ದೆ;
ಮುಂದಿನ ಸಲ ಅದು ಸಣ್ಣಗೆ ಹೆಚ್ಚಿಸಿಕೊಂಡು
ಕಡಲೆಹಿಟ್ಟಿನ ನಡುವೆ ಅಡಗಿ ಬಂತು,
ತಲೆಮರೆಸಿಕೊಂಡ ಆರೋಪಿಯ ಹಾಗೆ.
ತಂಬುಳಿಯ ಬಟ್ಟಲು ನೆಕ್ಕಿದ್ದು ಗೊತ್ತಾಗಿ
ಗುರುವಾರ ಎರಡು ಸೌಟು ಹೆಚ್ಚು.
ಅನ್ನದ ಮೇಲೆ ನಿಂತುಹೋದ ಬೆರಳಿನ ಗೆರೆ ನೋಡಿ
‘ನಿನ್ನೆ ಅರ್ಧಕ್ಕೇ ಯಾರೋ ಕರೆದರಲ್ಲ?’ ಎಂದು ಚೀಟಿ.

ಹದಿನೇಳು ವರ್ಷ ಎದುರು ಕೂತು ಉಂಡ ನನ್ನ ಗಂಡ
ನನಗೆ ಬದನೆ ಸೇರುತ್ತದೋ ಇಲ್ಲವೋ
ಈಗಲೂ ಪ್ರಮಾಣ ಮಾಡಿ ಹೇಳಲಾರ.
ಮುಖ ಕಾಣದ ಇವಳು
ಎಂಜಲಿನ ಹೇಳಿಕೆ ಪಡೆದು
ನನ್ನ ಕಡತ ದಪ್ಪ ಮಾಡುತ್ತಿದ್ದಾಳೆ.

ಹೀಗಿರುವಾಗ ಒಂದು ಬುಧವಾರ
ಕೇಸು ಗೆದ್ದ ಕಕ್ಷಿದಾರ ಗೋಪಿ ಸರ್ಕಲ್ಲಿನ ಕಡೆ ಎಳೆದುಕೊಂಡು ಹೋದ.
ಬೆಣ್ಣೆ ಮಸಾಲೆ. ಅದರ ಮೇಲೆ ಜಿಲೇಬಿ.
ಡಬ್ಬಿಯನ್ನು, ಗೇಟಿನ ಹೊಂಗೆ ಮರದಡಿ
ಅರ್ಜಿ ಟೈಪು ಮಾಡುವ ಬಸವಣ್ಯಪ್ಪನ ಮೇಜಿಗೆ ದಾಟಿಸಿದೆ.
ಒಂದು ದಿನದ ಮಾತು ಅಂದದ್ದು
ವಾಯಿದೆ ಮೇಲೆ ವಾಯಿದೆ ಬಿದ್ದು
ಹನ್ನೊಂದು ದಿನವಾಯಿತು.

ಹನ್ನೆರಡನೆಯ ದಿನ ಚೀಟಿಯಲ್ಲಿ ಕ್ಯಾಲೊರಿ ಇರಲಿಲ್ಲ.
‘ಮೇಡಂ, ಡಬ್ಬಿ ಬಹಳ ಚೊಕ್ಕವಾಗಿ ಬರುತ್ತಿದೆ.
ಹಾಗಲದ ಬೀಜವನ್ನೂ ಬಿಟ್ಟಿಲ್ಲ.
ನುಗ್ಗೇಕಾಯಿ ಎರಡೂ ಬದಿ ಜಗಿದು
ಸಿಪ್ಪೆಯನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದ್ದಾರೆ.
ಅದು ಹಸಿದವರ ಕೈ.
ನಿಮ್ಮದಲ್ಲ. ಯಾರವರು?’

ಕಟಕಟೆಯಲ್ಲಿ ಎಷ್ಟೋ ಜನರ ಸುಳ್ಳು ಕೆದಕಿದವಳು
ಒಂದು ನುಗ್ಗೆ ಸಿಪ್ಪೆಗೆ ಸಿಕ್ಕಿಬಿದ್ದೆ.

ಹೊಂಗೆ ಮರದಡಿ ಹೋಗಿ ಕೂತೆ.
‘ಮೊದಲು ಮಧ್ಯಾಹ್ನ ಎಂತ ತಿಂತಿದ್ರಿ?’
‘ಎರಡು ಬನ್ನು, ಟೀ,’ ಅಂದರು ಬಸವಣ್ಯಪ್ಪ
ಕೀಲಿಗಳಿಂದ ಕಣ್ಣು ತೆಗೆಯದೆ.
ಸ್ವಲ್ಪ ಹೊತ್ತಿನ ಮೇಲೆ, ಹಾಳೆ ಎಳೆಯುತ್ತ:
‘ಈ ಹನ್ನೊಂದು ದಿನ ನಿಮ್ಮ ಅರ್ಜಿಗಳಲ್ಲಿ
ಒಂದಕ್ಷರ ತಪ್ಪು ಬಿದ್ದಿಲ್ಲ, ನೋಡಿದ್ರಾ?’
ನಾನು ನೋಡಿರಲಿಲ್ಲ.

ಈಗ ಎರಡು ಡಬ್ಬಿ ಬರುತ್ತವೆ.
ಎರಡನೆಯದರ ಹಣ ನಾನು ಕೊಡುತ್ತೇನೆ,
ಅದಕ್ಕೆ ಬದಲು ವಾರಕ್ಕೆ ನಾಲ್ಕು ಪುಟ ಅವರು ಬಿಟ್ಟಿ ಹೊಡೆಯುತ್ತಾರೆ;
ಒಂದು ಪುಟ ಕಮ್ಮಿಯಾದರೆ ಡಬ್ಬಿ ಮುಟ್ಟುವುದಿಲ್ಲ, ಹಟ.
ಸಕ್ಕರೆ ನೂರ ತೊಂಬತ್ತರಲ್ಲಿ ನಿಂತಿದೆ.
ಜಿಲೇಬಿ ಪೂರ್ತಿ ಬಿಟ್ಟೆ ಎಂದು ಹೇಳುವುದಿಲ್ಲ,
ಇದು ಪ್ರಮಾಣಪತ್ರವಲ್ಲ.

ಆದರೆ ಇವತ್ತು, ಮುಚ್ಚಳ ಹಾಕುವ ಮುಂಚೆ
ಮೂಲೆಯಲ್ಲಿ ಮೂರು ಚೂರು ಹಾಗಲಕಾಯಿ
ಬೇಕೆಂದೇ ಬಿಟ್ಟೆ:
ಉಂಡವಳು ನಾನೇ ಎಂಬುದಕ್ಕೆ
ನನ್ನ ಸಹಿ.